ಪ್ರೀಮಿಯಂ ಕಡಿತಕ್ಕೆ ರೆಡಿ, ಮಗುವಿನ ಹೆಸರು ಮಾತ್ರ ಪ್ಲಾನ್‌ನಲ್ಲಿ ಇಲ್ಲ: ಒಂದು ಪೇರೋಲ್ ಸೇವೆಯ ವಿಮರ್ಶೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ದಿನಸಿ ಹೋಲ್‌ಸೇಲ್ ಮಾಡುವ ಸಣ್ಣ ಕಂಪನಿಯೊಂದರ ಲೆಕ್ಕಪತ್ರ, ಸಂಬಳದ ಕೆಲಸ ನೋಡಿಕೊಳ್ಳುತ್ತೇನೆ. ಸಂಬಳಕ್ಕೆ ಒಂದು ಆನ್‌ಲೈನ್ ಪೇರೋಲ್ ಸೇವೆ ಇದೆ. ಹೆಸರು ಬರೆಯುವುದಿಲ್ಲ. ಅವರು ಬೇರೆ ದುಡ್ಡು ತೆಗೆದುಕೊಂಡು ಕೊಡುವ ‘ಕೋರ್ಟ್ ಆರ್ಡರ್’ ಸೇವೆಯ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ಅಮೆರಿಕದಲ್ಲಿ ಅಂಗಡಿ, ಹೋಟೆಲ್, ಸಣ್ಣ ಐಟಿ ಕಂಪನಿ ನಡೆಸುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರಬಹುದು.

ನಮಗೆ ಬಂದಿದ್ದು ನ್ಯಾಷನಲ್ ಮೆಡಿಕಲ್ ಸಪೋರ್ಟ್ ನೋಟಿಸ್. ಅಪ್ಪ ಅಮ್ಮ ಬೇರೆಬೇರೆ ಇದ್ದು, ಮಗುವಿನ ಆರೋಗ್ಯ ವಿಮೆ ಇಬ್ಬರಲ್ಲಿ ಒಬ್ಬರು ಕೊಡಬೇಕು ಅಂತ ಕೋರ್ಟ್ ಹೇಳಿದ್ದರೆ, ಚೈಲ್ಡ್ ಸಪೋರ್ಟ್ (ಮಗುವಿನ ಪಾಲನೆಯ ಹಣ) ನೋಡಿಕೊಳ್ಳುವ ಸರ್ಕಾರಿ ಕಚೇರಿ ಈ ಕಾಗದವನ್ನು ಅವರಿಗೆ ಕೆಲಸ ಕೊಟ್ಟವರಿಗೆ ಕಳಿಸುತ್ತದೆ. 1998ರ ಕಾನೂನಿನಿಂದ ಬಂದ ನೋಟಿಸ್ ಇದು. ನಮ್ಮ ಗೋಡೌನ್‌ನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬರ ಹೆಸರಿಗೆ ಬಂದಿತ್ತು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ಈ ಸೇವೆ ಪಕ್ಕಾ. ಚೈಲ್ಡ್ ಸಪೋರ್ಟ್ ಮತ್ತು ಪ್ರೀಮಿಯಂ ಸೇರಿ ಸಂಬಳದಿಂದ ಎಷ್ಟು ಹಿಡಿಯಬಹುದು ಅನ್ನುವುದಕ್ಕೆ ಮಿತಿ ಇದೆ. ತೆರಿಗೆಯಂಥ ಕಡ್ಡಾಯ ಕಡಿತ ಕಳೆದು ಉಳಿದದ್ದರಲ್ಲಿ, ನೌಕರ ಇನ್ನೊಂದು ಸಂಸಾರ ಸಾಕುತ್ತಿದ್ದರೆ ಶೇ. 50, ಇಲ್ಲದಿದ್ದರೆ ಶೇ. 60. 12 ವಾರಕ್ಕಿಂತ ಹಳೆಯ ಬಾಕಿ ಇದ್ದರೆ ಅದರ ಮೇಲೆ ಇನ್ನೂ ಶೇ. 5 ಹೆಚ್ಚು. ರಾಜ್ಯಗಳು ಇದಕ್ಕಿಂತ ಕಡಿಮೆ ಮಿತಿ ಇಡಬಹುದು. ಇದನ್ನೆಲ್ಲ ಸಾಫ್ಟ್‌ವೇರ್ ತಾನೇ ನೋಡಿಕೊಳ್ಳುತ್ತದೆ. ಓವರ್‌ಟೈಮ್ ಇರುವ ವಾರ, ಇಲ್ಲದ ವಾರ, ಎರಡರಲ್ಲೂ ಲೆಕ್ಕ ಸರಿ ಬಂತು.

ತೊಂದರೆ ಇರುವುದು ವಿಮೆ ಮಾಡಿಸುವ ಕೆಲಸದಲ್ಲಿ. ನೋಟಿಸನ್ನು ಸ್ಕ್ಯಾನ್ ಮಾಡಿ ಹಾಕಿದೆ. ಸ್ವಲ್ಪ ಹೊತ್ತಿಗೆ ಹಸಿರು ಟಿಕ್ ಬಂದು ‘ಕೆಲಸ ಮುಗಿದಿದೆ’ ಅಂತ ತೋರಿಸಿತು. ಮುಂದಿನ ಸಂಬಳದಿಂದ ಪ್ರೀಮಿಯಂ ಕಡಿತವೂ ರೆಡಿ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕೇಳಿದರೆ ಮಗುವಿನ ಹೆಸರೇ ಅಲ್ಲಿಲ್ಲ! ನೋಟಿಸ್‌ನಲ್ಲಿ ಪಾರ್ಟ್ ಎ, ಪಾರ್ಟ್ ಬಿ ಅಂತ ಎರಡು ಭಾಗ. ಪಾರ್ಟ್ ಎ ನಮಗೆ, ಪಾರ್ಟ್ ಬಿ ಪ್ಲಾನ್ ಅಡ್ಮಿನಿಸ್ಟ್ರೇಟರ್‌ಗೆ, ಅಂದರೆ ಕಂಪನಿಯ ವಿಮೆ ಪ್ಲಾನ್ ನೋಡಿಕೊಳ್ಳುವವರಿಗೆ. ಪೇರೋಲ್‌ನವರು ಪಾರ್ಟ್ ಎ ಓದಿ ಅಲ್ಲಿಗೇ ನಿಂತಿದ್ದರು. ಪಾರ್ಟ್ ಬಿ ಸುಮ್ನೆ ಅವರ ಫೈಲಿನಲ್ಲಿ ಕೂತಿತ್ತು.

ನೋಟಿಸ್ ಮೇಲಿನ ತಾರೀಖಿನಿಂದ 20 ಕೆಲಸದ ದಿನಗಳೊಳಗೆ ಪಾರ್ಟ್ ಬಿ ಮುಂದಕ್ಕೆ ಹೋಗಬೇಕು. ನಮ್ಮಲ್ಲಿ ವಿಮೆ ಇಲ್ಲ, ಅಥವಾ ಇವರಿಗೆ ಅನ್ವಯಿಸುವುದಿಲ್ಲ ಅಂತಾದರೆ ಪಾರ್ಟ್ ಎ ಉತ್ತರ ಅಷ್ಟರೊಳಗೆ ಕಚೇರಿಗೆ ವಾಪಸ್ ಹೋಗಬೇಕು. ಕಾಗದ ಕೈಗೆ ಬಂದ ದಿನದಿಂದಲ್ಲ, ಅದರ ಮೇಲಿನ ತಾರೀಖಿನಿಂದ ಎಣಿಕೆ. ಪ್ಲಾನ್ ಅಡ್ಮಿನಿಸ್ಟ್ರೇಟರ್‌ಗೆ ತನ್ನ ಪಾಲಿನ ಕೆಲಸ ಮುಗಿಸಲು ಅದೇ ತಾರೀಖಿನಿಂದ 40 ಕೆಲಸದ ದಿನ. ಅಂದ ಹಾಗೆ, ಸಣ್ಣ ಕಂಪನಿಗಳಲ್ಲಿ ಎಷ್ಟೋ ಸಲ ಕಂಪನಿಯೇ ಪ್ಲಾನ್ ಅಡ್ಮಿನಿಸ್ಟ್ರೇಟರ್. ನಿಮ್ಮ ಪ್ಲಾನ್ ಕಾಗದದಲ್ಲಿ ಯಾರ ಹೆಸರಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಪೇರೋಲ್ ಸೇವೆಯ ಸಹಾಯವಾಣಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಇನ್ನೂ ಬೇಜಾರು ತಂದಿತು. ‘ಓಪನ್ ಎನ್‌ರೋಲ್‌ಮೆಂಟ್ (ವಿಮೆಗೆ ಹೆಸರು ಸೇರಿಸಲು ವರ್ಷಕ್ಕೊಮ್ಮೆ ಬರುವ ಅವಧಿ) ಬರುವ ತನಕ ಕಾಯಿರಿ, ನೌಕರ ಒಪ್ಪಿಗೆ ಒತ್ತಬೇಕು’ ಅಂದರು. ಎರಡೂ ತಪ್ಪು. ಈ ನೋಟಿಸ್ ಬಂದರೆ ಓಪನ್ ಎನ್‌ರೋಲ್‌ಮೆಂಟ್‌ಗೆ ಕಾಯುವಂತಿಲ್ಲ. ನೌಕರನ ಸಹಿಯೂ ಬೇಡ. ಅವರಿಗೆ ತಕರಾರಿದ್ದರೆ ನೋಟಿಸ್ ಕಳಿಸಿದ ಕಚೇರಿಗೆ ಹೇಳಿಕೊಳ್ಳಬೇಕು. ನಾವು ನಮ್ಮ ಕೆಲಸ ನಿಲ್ಲಿಸುವ ಹಾಗಿಲ್ಲ. ನಮ್ಮ ಈ ನೌಕರರು ತಮಗೇ ವಿಮೆ ತೆಗೆದುಕೊಂಡಿರಲಿಲ್ಲ. ಮಗುವನ್ನು ಸೇರಿಸಲು ಅವರನ್ನೂ ಸೇರಿಸಬೇಕಾಯಿತು. ಸಾಫ್ಟ್‌ವೇರ್‌ನಲ್ಲಿ ಅವರ ಕ್ಲಿಕ್ ಇಲ್ಲದೆ ಮುಂದೆ ಹೋಗುವ ದಾರಿಯೇ ಇಲ್ಲ. ಕೊನೆಗೆ ಇನ್ಶೂರೆನ್ಸ್ ಬ್ರೋಕರ್ ಮೂಲಕ, ಕಾಗದದಲ್ಲೇ ಮಾಡಿಸಿದೆ.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಗಾಬರಿ ಮಾಡಿತು. ನೋಟಿಸ್‌ನಲ್ಲಿ ಮಗುವಿನ ಮನೆ ವಿಳಾಸದ ಬದಲು ಸರ್ಕಾರಿ ಕಚೇರಿಯ ವಿಳಾಸ ಹಾಕಲು ಜಾಗ ಇದೆ. ಮಗು ಎಲ್ಲಿದೆ ಅಂತ ಗೊತ್ತಾಗಬಾರದು ಅನ್ನುವ ಮನೆಗಳೂ ಇರುತ್ತವೆ, ಅಲ್ವಾ? ಈ ಸಾಫ್ಟ್‌ವೇರ್ ಆ ವಿಳಾಸ ತೆಗೆದುಕೊಳ್ಳಲೇ ಇಲ್ಲ. ‘ನೌಕರನ ವಿಳಾಸವೇ ಮಗುವಿನ ವಿಳಾಸ’ ಅಂತ ತಾನೇ ತುಂಬಿಕೊಂಡಿತು. ಹಾಗೆ ಬಿಟ್ಟರೆ ವಿಮೆ ಕಾರ್ಡ್ ಮಗುವನ್ನು ಸಾಕುತ್ತಿರುವ ತಾಯಿಗೆ ತಲುಪುವುದು ಹೇಗೆ? ಆಸ್ಪತ್ರೆಯಲ್ಲಿ ತೋರಿಸಬೇಕಾದವರು ಅವರೇ ಅಲ್ವಾ?

ಸಂಬಳ ಕಡಿತಕ್ಕೆ ಐದಕ್ಕೆ ನಾಲ್ಕೂವರೆ. ಮೆಡಿಕಲ್ ನೋಟಿಸ್‌ಗೆ ಒಂದೂವರೆ, ಅದೂ ಸ್ಕ್ಯಾನ್ ಕಾಪಿ ಜೋಪಾನ ಮಾಡಿದ್ದಕ್ಕೆ. ಸಂಬಳದಿಂದ ಹಿಡಿಯುವ ಆರ್ಡರ್‌ಗಳು ಜಾಸ್ತಿ ಬರುವ ಕಂಪನಿಯಾದರೆ ತೆಗೆದುಕೊಳ್ಳಿ. ಮಗುವಿನ ವಿಮೆಯ ನೋಟಿಸ್ ಬಂದರೆ ಮಾತ್ರ ಪಾರ್ಟ್ ಬಿ ನೀವೇ ಕಳಿಸಿ, ಪ್ಲಾನ್‌ನಲ್ಲಿ ಮಗುವಿನ ಹೆಸರು ಸೇರಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ನೌಕರ ಕೆಲಸ ಬಿಟ್ಟರೆ ಕಚೇರಿಗೆ ತಿಳಿಸುವುದೂ ನಮ್ಮದೇ ಜವಾಬ್ದಾರಿ. ಈ ಸೇವೆ ಕಡಿತ ನಿಲ್ಲಿಸುತ್ತದೆ ಅಷ್ಟೇ, ಯಾರಿಗೂ ತಿಳಿಸುವುದಿಲ್ಲ.