ತಿನ್ನೋ ಕಾಯಿಲೆಗೆ (ಈಟಿಂಗ್ ಡಿಸಾರ್ಡರ್) ಹತ್ತು ವಾರದ 'ಮಾತಿನ ಚಿಕಿತ್ಸೆ': ಮಗಳನ್ನ ಕರ್ಕೊಂಡ್ ಹೋದ ಅಮ್ಮನ ರಿವ್ಯೂ, 5ಕ್ಕೆ 4

ಮೊದ್ಲೇ ಹೇಳ್ಬಿಡ್ತೀನಿ, ಕ್ಲಿನಿಕ್ ಹೆಸ್ರು ಹಾಕಲ್ಲ, ಮಗಳಿಗೆ ಮಾತು ಕೊಟ್ಟಿದೀನಿ. ದಾವಣಗೆರೆ ಎಷ್ಟೇ ಬೆಳೆದ್ರೂ ಪಿಜೆ ಎಕ್ಸ್‌ಟೆನ್ಷನ್‌ನಲ್ಲಿ ಕೆಮ್ಮಿದ್ರೆ ವಿದ್ಯಾನಗರದಲ್ಲಿ ಕೇಳುತ್ತೆ. ಆದ್ರೆ ಹೋಗೋಕ್ ಮುಂಚೆ ನಾನು ರಾತ್ರಿಯೆಲ್ಲ ಫೋನ್ ತಡಕಾಡಿದ್ರೂ ಕನ್ನಡದಲ್ಲಿ "ನಾವ್ ಹೋಗಿದ್ವಿ, ಹಿಂಗಾಯ್ತು" ಅಂತ ಒಬ್ರೂ ಬರ್ದಿದ್ದು ಕಣ್ಣಿಗೆ ಬೀಳ್ಲಿಲ್ಲ, ಅದ್ಕೇ ನಾನೇ ಬರೀತಿದೀನಿ.

ಮಗಳಿಗೆ 19, ಡಿಗ್ರಿ ಎರಡನೇ ವರ್ಷ. ಬೆಳಗ್ಗೆ ತಿಂಡಿ ಬೇಡ, ಮಧ್ಯಾಹ್ನದ ಡಬ್ಬಿ ಕಟ್ಟಿದ್ ಹಂಗೇ ವಾಪಸ್, ರಾತ್ರಿ ನಾವೆಲ್ಲ ಮಲಗಿದ್ಮೇಲೆ ಅಡುಗೆಮನೇಲಿ ಡಬ್ಬದ ಮುಚ್ಚಳ ತೆಗೆಯೋ ಸದ್ದು, ಬೆಳಗ್ಗೆ ಎದ್ದು ನೋಡಿದ್ರೆ ಒಗ್ಗರಣೆ ಹಾಕಿಟ್ಟ ಮಂಡಕ್ಕಿ, ಬಿಸ್ಕೆಟ್, ಹಬ್ಬಕ್ಕೆ ಅಂತ ತೆಗ್ದಿಟ್ಟ ಬೆಲ್ಲ ಕೂಡ ಇಲ್ಲ. ಆಮೇಲೆ ಬಾತ್‌ರೂಮಲ್ಲಿ ವಾಂತಿ ಮಾಡೋ ಸದ್ದು ಕೇಳ್ಬಾರ್ದು ಅಂತ ನಲ್ಲಿ ಜೋರಾಗಿ ಬಿಟ್ಕೊಳ್ಳೋದು. ತೂಕ ಸರಿಯಾಗೇ ಇತ್ತು, ಅದ್ಕೇ ಯಾರಿಗೂ ಅನುಮಾನ ಬರ್ಲಿಲ್ಲ. ನಮ್ಮತ್ತೆ ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದ್ರು. ಮಾಮೂಲಿ ತೋರ್ಸೋ ಡಾಕ್ಟ್ರು ಹಸಿವಿಗೆ ಅಂತ ಟಾನಿಕ್ ಬರ್ಕೊಟ್ರು. ಹಸಿವಿಲ್ದೆ ಅಲ್ರಿ ಅವ್ಳು ತಿನ್ದೆ ಇದ್ದಿದ್ದು! ಇನ್ನು ನಾನು, ಹೋದ ವರ್ಷ ಮದುವೆ ಮನೇಲಿ ಬ್ಲೌಸ್ ಬಿಗಿಯಾಯ್ತು ಅಂದಾಗ ನಾಲ್ಕು ಜನರ ಮುಂದೆ "ಸ್ವಲ್ಪ ಕಮ್ಮಿ ತಿನ್ನೇ" ಅಂದವ್ಳು. ಅದನ್ನೂ ಇಲ್ಲೇ ಬರೀಬೇಕು, ಬರ್ದೆ.

ಒಂದಿನ ರಾತ್ರಿ ಹನ್ನೊಂದಕ್ಕೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ಫ್ರೀ, ದಿನದ 24 ಗಂಟೆನೂ ತೆಗೀತಾರೆ, ಕನ್ನಡದಲ್ಲೇ ಮಾತಾಡಿದ್ರು. ಇದು ಹಟ ಅಲ್ಲ ಕಾಯಿಲೆ, ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡ್ ಹೋಗಿ ಅಂದ್ರು. ಅಲ್ಲಿಂದ ಈ ಕ್ಲಿನಿಕ್. ಡಾಕ್ಟ್ರು ಮೊದ್ಲು ಬ್ಲಡ್ ಟೆಸ್ಟು, ಇಸಿಜಿ ಮಾಡ್ಸಿದ್ರು, ಮೇಲಿಂದ ಮೇಲೆ ವಾಂತಿ ಮಾಡ್ತಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹಾರ್ಟ್ ಬಡಿತಕ್ಕೇ ತೊಂದ್ರೆ ಆಗುತ್ತಂತೆ. ಅದು ಓಕೆ ಆದ್ಮೇಲೇ ಸೈಕಾಲಜಿಸ್ಟ್ ಮೇಡಂ ರೂಮಿಗೆ ಕಳ್ಸಿದ್ದು.

ಮಾತಿನ ಚಿಕಿತ್ಸೆ ಅಂದ್ರೆ ಚಿಕ್ಕಂದಿನದ್ದೆಲ್ಲ ಕೆದಕಿ ಅಳಿಸಿ ಕಳಿಸ್ತಾರೆ ಅನ್ಕೊಂಡಿದ್ದೆ. ಅದೇನಿಲ್ಲ. ಮೊದ್ಲ ದಿನಾನೇ ಮೇಡಂ ಹೇಳಿದ್ರು, ವಾರಕ್ಕೊಂದರಂತೆ ಹತ್ತು ಸಲ, ನಾಲ್ಕನೇ ವಾರಕ್ಕೆ ನೋಡ್ತೀವಿ, ಏನೂ ಬದಲಾಗಿಲ್ಲ ಅಂದ್ರೆ ಸುಮ್ನೆ ಎಳೆಯಲ್ಲ, ಬೇರೆ ದಾರಿ ಯೋಚ್ನೆ ಮಾಡೋಣ ಅಂತ. ಈ ತಿನ್ನೋ ತೊಂದ್ರೆಗೆ ಸಿಬಿಟಿ (ಯೋಚ್ನೆ, ನಡವಳಿಕೆ ಎರಡನ್ನೂ ತಿದ್ದೋ ಮಾತಿನ ಚಿಕಿತ್ಸೆ) ಅಂದ್ರೆ ಸಾಮಾನ್ಯವಾಗಿ 20 ಸೆಷನ್ ಅಂತೆ, ಇದನ್ನ ಹತ್ತಕ್ಕೆ ಇಳಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರೋ ಗ್ಲೆನ್ ವಾಲರ್ ಮತ್ತವರ ಜೊತೆಯವ್ರು, ಸಿಬಿಟಿ-ಟಿ ಅಂತ ಕರೀತಾರೆ. ಚಿಕ್ಕದು ಅಂತ ಹಗುರ ಅನ್ಕೋಬೇಡಿ. ಮೊದ್ಲ ದಿನ ಕೂತ ಕೂತಲ್ಲೇ ಕೇಳಿದ ಪ್ರಶ್ನೆ "ಇವತ್ತು ಸಂಜೆ ಏನ್ ತಿಂತೀಯಾ?" ನನ್ನ ಕೇಳಿದ್ರೆ ಇದಕ್ಕೆ ಮಾತಿನ ಚಿಕಿತ್ಸೆ ಅನ್ನೋ ಹೆಸ್ರೇ ತಪ್ಪು, ಇದು ತಿನ್ನೋ ಚಿಕಿತ್ಸೆ. ಮಾತು ಮುಕ್ಕಾಲು ಗಂಟೆ, ಮಿಕ್ಕಿದ್ದು ವಾರ ಪೂರ್ತಿ ನಮ್ಮನೆ ಅಡುಗೆಮನೇಲೇ ನಡೆಯೋದು.

ಒಂದು ನೋಟ್‌ಬುಕ್. ತಿಂದ ಟೈಮು, ಏನ್ ತಿಂದೆ, ಆಗ ತಲೇಲಿ ಏನ್ ಓಡ್ತಿತ್ತು, ಅಷ್ಟೇ. ಮೂರು ಹೊತ್ತು ಊಟ, ಮಧ್ಯೆ ಎರಡು ಮೂರು ಸಲ ತಿಂಡಿ, ನಾಲ್ಕು ಗಂಟೆ ಮೇಲೆ ಹೊಟ್ಟೆ ಖಾಲಿ ಬಿಡೋಹಂಗಿಲ್ಲ. ಹಗಲೆಲ್ಲ ಉಪವಾಸ ಕೆಡವಿದ್ರೆ ರಾತ್ರಿ ದೇಹ ಬಡ್ಡಿ ಸಮೇತ ವಸೂಲಿ ಮಾಡುತ್ತೆ, ಅದು ಹೊಟ್ಟೆಬಾಕತನ ಅಲ್ಲ ಅಂತ ಮೇಡಂ ಒಂದು ಕಥೆ ಹೇಳಿದ್ರಂತೆ: ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕಾದ ಮಿನ್ನೆಸೋಟಾದಲ್ಲಿ 36 ಜನ ಗಟ್ಟಿಮುಟ್ಟಾದ ಹುಡುಗ್ರಿಗೆ ತಿಂಗಳುಗಟ್ಲೆ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದ್ರು, ಹುಡುಗ್ರು ಬರೀ ಊಟದ ಕನಸು ಕಾಣೋಕೆ, ಅಡುಗೆ ಪುಸ್ತಕ ಓದೋಕೆ ಶುರು ಮಾಡಿದ್ರಂತೆ. ನಮ್ಮವ್ಳು ರಾತ್ರಿ ಒಂದು ಗಂಟೆವರ್ಗೂ ಬಿರಿಯಾನಿ ವಿಡಿಯೋ ನೋಡ್ತಿದ್ಲು, ನಾವು ಲಿಂಗಾಯತ್ರು, ಮನೇಲಿ ಮೊಟ್ಟೆ ಸಹ ತರಲ್ಲ! ಮನೆಗೆ ಬಂದು ಆ ಕಥೆ ಹೇಳ್ತಾ ಅವ್ಳಿಗೇ ನಗು ಬಂತು. ಎಷ್ಟೋ ತಿಂಗಳಾದ್ಮೇಲೆ ನಕ್ಕಿದ್ದು.

ತೂಕ ಪ್ರತಿವಾರ ಅಲ್ಲೇ ನೋಡೋದು, ಮನೆ ಮಷೀನನ್ನ ಅಟ್ಟಕ್ಕೆ ಹಾಕ್ಸಿದ್ರು. ಮಷೀನ್ ಹತ್ತೋಕ್ ಮುಂಚೆ ಎಷ್ಟ್ ಏರಿರುತ್ತೆ ಹೇಳು ಅಂತ ಕೇಳ್ತಾರೆ. ಇವ್ಳು ಮೂರು ಹೊತ್ತೂ ತಿಂದಿದೀನಿ, ಎರಡು ಕೆಜಿ ಗ್ಯಾರಂಟಿ ಅಂದ್ಲಂತೆ. ಮುಳ್ಳು ಅಲ್ಲಾಡಿರ್ಲಿಲ್ಲ. ಮುಂದಿನ ವಾರಾನೂ ಹಂಗೇ. ನಾವು ಮನೇಲಿ ಸಾವಿರ ಸಲ "ಏನಾಗಲ್ಲ ತಿನ್ನು" ಅಂದಿದ್ದು ಮಾಡ್ದೇ ಇರೋ ಕೆಲ್ಸ ಆ ಮುಳ್ಳು ಮಾಡ್ತು.

ಐದನೇ ವಾರದಿಂದ ಹೆದ್ರಿಕೆ ಇರೋ ತಿಂಡಿಗಳ ಪಟ್ಟಿ. ದಾವಣಗೆರೆ ಹುಡ್ಗಿ ಪಟ್ಟಿಯ ತುದೀಲಿ ಏನಿತ್ತು ಅಂತ ನೀವೇ ಊಹೆ ಮಾಡಿ. ಬೆಣ್ಣೆ ದೋಸೆ ತಿನ್ನೋಕೆ ನಾನೂ ಜೊತೆಗೆ ಹೋಗಿದ್ದೆ. ಮೊದ್ಲ ಸಲ ಅವ್ಳು ಪೇಪರ್ ತುಂಡು ತಗೊಂಡು ದೋಸೆ ಮೇಲೆ ಒತ್ತಿ ಒತ್ತಿ ಬೆಣ್ಣೆ ತೆಗೀತಾ ಕೂತ್ಲು, ಪೇಪರು ಗಾಜಿನ ಹಂಗೆ ಪಾರದರ್ಶಕ ಆಯ್ತು, ದೋಸೆ ತಣ್ಣಗಾಯ್ತು, ಪಕ್ಕದ ಟೇಬಲ್‌ನವ್ರು ನೋಡ್ತಿದ್ರು, ಅರ್ಧ ಬಿಟ್ಟು ಎದ್ದು ಬಂದ್ವಿ. ದುಡ್ಡು ದಂಡ ಅಂತ ಬಾಯಿ ತುದಿಗೆ ಬಂದಿತ್ತು, ನುಂಗ್ಕೊಂಡೆ. ಮೇಡಂ ಬೈಲಿಲ್ಲ, ಈ ವಾರ ಪೇಪರ್ ಇಲ್ದೆ ಹೋಗು ಅಂದ್ರು ಅಷ್ಟೇ. ಎರಡನೇ ಸಲ ಕೈ ನಡುಗ್ತಾನೇ ಪೂರ್ತಿ ತಿಂದ್ಲು, ಆಲೂಗಡ್ಡೆ ಪಲ್ಯ ಬಿಟ್ಲು. ಮೂರನೇ ಸಲ ಫ್ರೆಂಡ್ಸ್ ಜೊತೆ ಹೋಗಿದ್ಲು, ನನ್ನನ್ನ ಕರೀಲೇ ಇಲ್ಲ.

ಕನ್ನಡಿ ಮುಂದೆ ನಿಲ್ಲೋದು, ಇನ್‌ಸ್ಟಾದಲ್ಲಿ ಬೇರೆಯವರಿಗೆ ಹೋಲಿಸ್ಕೊಳ್ಳೋದು, ಅದ್ರ ಬಗ್ಗೆನೂ ಎರಡು ಮೂರು ವಾರ ನಡೀತು, ಅದು ಅವರಿಬ್ಬರ ಮಧ್ಯೆ. ನನ್ನನ್ನ ಒಳಗೆ ಕರ್ದಿದ್ದು ಎರಡೇ ಸಲ: ತಟ್ಟೆ ನೋಡಿ ಕಾಮೆಂಟ್ ಮಾಡ್ಬೇಡಿ, ಮನೇಲಿ ಯಾರ ಮೈ ಬಗ್ಗೆನೂ ಮಾತು ಬೇಡ, ನಿಮ್ಮದೂ ಸೇರಿ. ಕೊನೇದು ಕಷ್ಟ ಇತ್ತು.

ಈಗ ಸಿಟ್ಟಿನ ವಿಷ್ಯ. ರಿಸೆಪ್ಷನ್ ಹುಡುಗ ತುಂಬಿದ ಹಾಲಲ್ಲಿ "ಆ ಈಟಿಂಗ್ ಪ್ರಾಬ್ಲಂ ಪೇಷೆಂಟ್ ಯಾರ್ರೀ" ಅಂತ ಕೂಗಿದ, ಮಗಳು ಮೆಟ್ಲು ಇಳ್ದು ಹೊರಟೇ ಹೋದ್ಲು, ಬೀದೀಲಿ ನಿಂತು ಸಮಾಧಾನ ಮಾಡಿ ಕರ್ಕೊಂಡ್ ಬಂದೆ. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ. ಫಾರಂಗಳೆಲ್ಲ ಇಂಗ್ಲಿಷ್, ಮಾದರಿ ಊಟದ ಶೀಟಲ್ಲಿ ಸೀರಿಯಲ್ಲು, ಸ್ಯಾಂಡ್‌ವಿಚ್ಚು. ರೊಟ್ಟಿ, ಪಲ್ಯ, ಅನ್ನ ಸಾರು ಅಂತ ನಾವೇ ಕೂತು ತಿದ್ದಿದ್ವಿ.

ಮತ್ತೆ ಇದು ಎಲ್ರಿಗೂ ಅಲ್ಲ. ತುಂಬಾ ತೂಕ ಇಳಿದು ಸೊರಗಿದವ್ರಿಗೆ ಈ ಹತ್ತು ವಾರದ್ದು ಹೊಂದಲ್ಲ ಅಂತ ಮೇಡಂ ಸ್ಪಷ್ಟವಾಗಿ ಹೇಳಿದ್ರು, ಅಂಥ ಚಿಕ್ಕ ಮಕ್ಕಳಿಗೆ ಅಪ್ಪ ಅಮ್ಮನೇ ಮುಂದೆ ನಿಂತು ಊಟ ಮಾಡ್ಸೋ ಫ್ಯಾಮಿಲಿ ಥೆರಪಿ ಇದೆ, ಅದು ತಿಂಗಳುಗಟ್ಲೆ ಹಿಡಿಯುತ್ತೆ. ತಲೆ ಸುತ್ತು, ಎದೆ ಡವಡವ ಇದ್ರೆ ಮೊದ್ಲು ಆಸ್ಪತ್ರೆ.

ಮುಗಿದು ಒಂದು ತಿಂಗಳಾದ್ಮೇಲೆ ಫಾಲೋಅಪ್‌ಗೆ ಹೋಗಿ ಬಂದ್ವಿ, ಮೂರು ತಿಂಗಳಿಗೆ ಇನ್ನೊಂದಿದೆ. ಇಂಟರ್ನಲ್ಸ್ ವಾರದಲ್ಲಿ ಒಂದ್ ರಾತ್ರಿ ಮತ್ತೆ ಡಬ್ಬದ ಸದ್ದು ಬಂತು. ಎದ್ದು ಹೋಗ್ಲಿಲ್ಲ ನಾನು, ಹಾಸಿಗೇಲೇ ಇದ್ದೆ, ನಿದ್ದೆ ಬರ್ಲಿಲ್ಲ. ಬೆಳಗ್ಗೆ ನೋಡಿದ್ರೆ ನೋಟ್‌ಬುಕ್ ಡೈನಿಂಗ್ ಟೇಬಲ್ ಮೇಲಿತ್ತು, ರಾತ್ರಿ 1:40 ಅಂತ ಬರ್ದು ಕೆಳಗೆ ಎಲ್ಲಾ ಬರ್ದಿದ್ಲು, ಎಂಟೂವರೆಗೆ ಬಂದು ತಿಂಡಿಗೆ ಕೂತ್ಲು. ಉಪ್ಪಿಟ್ಟು ಮಾಡಿದ್ದೆ. ಉಪ್ಪು ಜಾಸ್ತಿ ಆಗಿದೆ ಅಂದ್ಲು.