ಸಯಾಮೀಸ್ ಡ್ರೀಮ್‌ನ ಗಿಟಾರ್ ನಾದಕ್ಕೆ ಯಾವ ಪೆಡಲ್?

ಅಮೆರಿಕದ ರಾಕ್ ಬ್ಯಾಂಡ್ ಸ್ಮ್ಯಾಶಿಂಗ್ ಪಂಪ್ಕಿನ್ಸ್ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮಾತು 1993ರ ‘ಸಯಾಮೀಸ್ ಡ್ರೀಮ್’ ಆಲ್ಬಮ್‌ಗೆ ತಿರುಗುತ್ತದೆ. ಅಲ್ಲಿಂದ ಆ ಗಿಟಾರ್ ನಾದ ಬಂದದ್ದು ಎಲ್ಲಿಂದ ಎಂಬ ಚರ್ಚೆಗೆ. ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಬಿಲ್ಲಿ ಕೊರ್ಗನ್ ಬಳಸಿದ್ದು ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ 1970ರ ದಶಕದ ಕೊನೆಯಲ್ಲಿ ತಯಾರಿಸಿದ ಆಪ್-ಆಂಪ್ ಬಿಗ್ ಮಫ್ ಪೆಡಲ್ (ಕಾಲಿನಿಂದ ಒತ್ತಿ ಗಿಟಾರ್ ಸದ್ದನ್ನು ಒರಟಾಗಿಸುವ ಪೆಟ್ಟಿಗೆ) ಎಂಬುದು ಎಲ್ಲರಿಗೂ ಗೊತ್ತು. 2017ರಲ್ಲಿ ಕಂಪನಿಯೇ ಅದನ್ನು ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆಯಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಅಲ್ಲಿಗೆ ಚರ್ಚೆ ಮುಗಿಯಬೇಕಿತ್ತು, ಮುಗಿದಿಲ್ಲ. ಇನ್ನೊಂದು ರಾಕ್ ಬ್ಯಾಂಡ್ ಡೈನೊಸಾರ್ ಜೂನಿಯರ್‌ನ ಜೆ ಮಾಸ್ಕಿಸ್ ನೆಚ್ಚಿಕೊಂಡ ರಾಮ್ಸ್ ಹೆಡ್ ಮಫ್ ಇದಕ್ಕಿಂತ ಇಂಪಾಗಿದೆ ಎನ್ನುವವರಿದ್ದಾರೆ. ಮಫ್ ಯಾವುದಾದರೂ ಬ್ಯಾಂಡಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಪ್ರೊಕೊ ಕಂಪನಿಯ ಪೆಡಲ್ ಆದ ರ್‍ಯಾಟ್ ಕೊಳ್ಳುವುದೇ ಸರಿ ಎನ್ನುವವರೂ ಇದ್ದಾರೆ.

ಮೂರನ್ನೂ ಒಂದೇ ಗಿಟಾರ್, ಒಂದೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಜೋಡಿಸಿ ನುಡಿಸಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಕುಳಿತು ಪದರದ ಮೇಲೆ ಪದರ ರೆಕಾರ್ಡ್ ಮಾಡುವವರಿಗೆ ಆಪ್-ಆಂಪ್‌ಗೆ ಸಾಟಿಯಿಲ್ಲ. ಒಂದೇ ಗಿಟಾರ್ ಹಿಡಿದು ಡ್ರಮ್ಮರ್ ಪಕ್ಕದಲ್ಲಿ ನಿಲ್ಲುವವರು ಅದನ್ನು ನೆಚ್ಚಿಕೊಂಡು ಹೋಗಬಾರದು.

ನನ್ನದು ಸ್ಟ್ರಾಟ್ ಮಾದರಿಯ ಗಿಟಾರ್, ಅದರ ಮೂರೂ ಪಿಕಪ್‌ಗಳು (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳು) ಸಾಮಾನ್ಯ ಸಿಂಗಲ್ ಕಾಯಿಲ್. ಕೊರ್ಗನ್ ಅವರ ಸ್ಟ್ರಾಟೊಕಾಸ್ಟರ್‌ನಲ್ಲಿದ್ದದ್ದು ಲೇಸ್ ಸೆನ್ಸರ್ ಪಿಕಪ್‌ಗಳು. ಅವು ಗುಂಯ್‌ಗುಡುವುದು ಬಹಳ ಕಡಿಮೆ. ಇಷ್ಟು ಗೇನ್ (ಸಂಕೇತವನ್ನು ವರ್ಧಿಸುವ ಪ್ರಮಾಣ) ಇರುವ ಪೆಡಲ್ ಮುಂದೆ ಈ ವ್ಯತ್ಯಾಸ ಸಣ್ಣದಲ್ಲ. ಅವರ ಆಂಪ್ ಮಾರ್ಷಲ್ ಜೆಸಿಎಂ 800, ನನ್ನದು ಚಿಕ್ಕ ವಾಲ್ವ್ ಆಂಪ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದಕ್ಕಿಂತ ದೊಡ್ಡದನ್ನು ಕೂಗಿಸುವ ಹಾಗಿಲ್ಲ. ಬ್ಯಾಂಡಿನ ಜೊತೆಗಿನ ಪರೀಕ್ಷೆಯನ್ನು ಬಾಡಿಗೆಯ ಅಭ್ಯಾಸ ಕೋಣೆಯಲ್ಲಿ ಮಾಡಿದೆ.

ಬಿಗ್ ಮಫ್ ಎಂಬ ಹೆಸರಿನ ಪೆಡಲ್‌ಗಳೆಲ್ಲ ಒಂದೇ ಅಲ್ಲ. 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಮೂಲ ಸರ್ಕ್ಯೂಟ್‌ನಲ್ಲಿ ನಾಲ್ಕು ಟ್ರಾನ್ಸಿಸ್ಟರ್‌ಗಳಿವೆ. ರಾಮ್ಸ್ ಹೆಡ್ ಆ ವಂಶದ್ದೇ, 1970ರ ದಶಕದ ಮಧ್ಯಭಾಗದ ರೂಪ. ಆಪ್-ಆಂಪ್‌ನಲ್ಲಿ ಟ್ರಾನ್ಸಿಸ್ಟರ್ ಬದಲು ಐಸಿ ಚಿಪ್‌ಗಳು ಬಂದವು. ಜೊತೆಗೆ ಟೋನ್ ಸರ್ಕ್ಯೂಟನ್ನು ಬದಿಗಿಡುವ ಟೋನ್ ಬೈಪಾಸ್ ಎಂಬ ಒಂದು ಪುಟ್ಟ ಸ್ವಿಚ್ ಕೂಡ. ಅದರ ಬಗ್ಗೆ ಅಭಿಮಾನಿಗಳು ಅಷ್ಟಾಗಿ ಮಾತನಾಡದಿರುವುದು ನನಗೆ ಆಶ್ಚರ್ಯ.

ಆಪ್-ಆಂಪ್‌ನಿಂದಲೇ ಶುರು ಮಾಡೋಣ. ‘ಚೆರಬ್ ರಾಕ್’ ಹಾಡಿನ ಆಕ್ಟೇವ್ ರಿಫ್ (ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ, ಮರುಕಳಿಸುವ ತುಣುಕು) ನುಡಿಸಿ ನೋಡಿ. ತೋರುಬೆರಳು ಕೆಳಸ್ವರದ ಮೇಲೆ, ಕಿರುಬೆರಳು ಮೇಲಿನ ಆಕ್ಟೇವ್ ಮೇಲೆ. ನಡುವೆ ಸಿಕ್ಕಿಕೊಂಡ ತಂತಿಯನ್ನು ತೋರುಬೆರಳಿನ ಒಳಬದಿಯಿಂದ ಸುಮ್ಮನೆ ತಾಗಿಸಿ ಸದ್ದಡಗಿಸಬೇಕು. ಈ ತಾಗುವಿಕೆ ಒಂದಿಷ್ಟು ಸಡಿಲವಾದರೂ ಆಪ್-ಆಂಪ್ ಬಿಡುವುದಿಲ್ಲ, ಆ ತಂತಿಯ ಗೊರಗೊರವನ್ನೂ ಎತ್ತಿ ತೋರಿಸುತ್ತದೆ. ಸರಿಯಾಗಿ ಹಿಡಿದಾಗ ಬರುವ ಸದ್ದು ಒಣ ಮರಕ್ಕೆ ಗರಗಸ ಹಾಕಿದ ಹಾಗೆ, ಪ್ರತಿ ಸ್ವರಕ್ಕೂ ಹಲ್ಲು ಹಲ್ಲಾದ ಅಂಚು. ಸಸ್ಟೇನ್ ನಾಬ್ ಮುಕ್ಕಾಲು, ಟೋನ್ ನಾಬ್ ಅರ್ಧಕ್ಕಿಂತ ತುಸು ಕೆಳಗೆ ಇಟ್ಟಾಗ ನನಗೆ ಆಲ್ಬಮ್‌ಗೆ ಅತ್ಯಂತ ಸಮೀಪವೆನಿಸಿತು. ಟೋನ್ ಅರ್ಧ ದಾಟಿದರೆ ಸಣ್ಣ ಆಂಪ್‌ನಲ್ಲಿ ಕಿವಿ ಚುಚ್ಚುತ್ತದೆ.

ಆದರೆ ಒಂಟಿ ಆಪ್-ಆಂಪ್ ಕೇಳಿದವರು ಮೊದಲು ನಿರಾಶರಾಗುತ್ತಾರೆ. ಇಷ್ಟೇನಾ ಎನ್ನಿಸುತ್ತದೆ. ಇದಕ್ಕೆ ಕಾರಣ ಪೆಡಲ್ ಅಲ್ಲ, ಆಲ್ಬಮ್ ತಯಾರಾದ ರೀತಿ. 1992ರ ಡಿಸೆಂಬರ್‌ನಿಂದ 1993ರ ಮಾರ್ಚ್‌ವರೆಗೆ ಅಟ್ಲಾಂಟಾ ಬಳಿಯ ಟ್ರೈಕ್ಲಾಪ್ಸ್ ಸ್ಟುಡಿಯೋದಲ್ಲಿ ನಿರ್ಮಾಪಕ ಬಚ್ ವಿಗ್ ಜೊತೆ ಕುಳಿತು ಕೊರ್ಗನ್ ಗಿಟಾರ್ ಮತ್ತು ಬೇಸ್‌ನ ಬಹುಪಾಲನ್ನು ತಾವೇ ನುಡಿಸಿದರು. ‘ಸೋಮಾ’ ಹಾಡೊಂದರಲ್ಲೇ 40ರವರೆಗೆ ಗಿಟಾರ್ ಭಾಗಗಳಿವೆ ಎನ್ನುತ್ತಾರೆ. ಅಷ್ಟನ್ನೂ ಟೇಪ್ ಮೇಲೆ ಒಂದರ ಮೇಲೊಂದು ಪೇರಿಸಿ, ಆಮೇಲೆ ಆಲನ್ ಮೌಲ್ಡರ್ ಮಿಕ್ಸ್ ಮಾಡಿದರು. ನಾವು ಕೇಳುವುದು ಒಂದು ಗುಂಪನ್ನು, ಒಂದು ಗಿಟಾರನ್ನಲ್ಲ.

ಹಾಗಾಗಿ ಪದರಗಳ ಪರೀಕ್ಷೆಯೇ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಅದೇ ರಿಫ್ ಅನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪಿಕಪ್ ಬದಲಿಸಿ ಮತ್ತೆ ಎರಡೂ ಕಡೆ, ಹೀಗೆ ಕಂಪ್ಯೂಟರ್‌ನಲ್ಲಿ ಪೇರಿಸುತ್ತಾ ಹೋದೆ. ಆಪ್-ಆಂಪ್‌ನ ಜಾದೂ ತೆರೆದುಕೊಂಡದ್ದು ಆಗ. ಒಂಟಿಯಾಗಿ ಒರಟೆನಿಸಿದ ಅಂಚುಗಳು ಒಂದಕ್ಕೊಂದು ತಾಗಿ ರೇಷ್ಮೆಯ ನುಣುಪು ಬಂತು, ಆದರೂ ಕಾರ್ಡ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕೆಲವು ಪದರಗಳಿಗೆ ಟೋನ್ ಬೈಪಾಸ್ ಒತ್ತಿ, ಉಳಿದವಕ್ಕೆ ಬಿಟ್ಟರೆ ಇನ್ನೂ ಚೆಂದ. ಬೈಪಾಸ್ ಒತ್ತಿದ ಕ್ಷಣ ವಾಲ್ಯೂಮ್ ಜಿಗಿಯುತ್ತದೆ, ಮಿಡ್ (ತಗ್ಗು ಮತ್ತು ಮೇಲಿನ ಧ್ವನಿಗಳ ನಡುವಿನ ಭಾಗ) ಮುಂದೆ ಬರುತ್ತದೆ. ಆ ಪದರಗಳು ಒಟ್ಟು ನಾದಕ್ಕೆ ಬೆನ್ನುಮೂಳೆ ಕೊಡುತ್ತವೆ.

ಇದೇ ಕೆಲಸವನ್ನು ರಾಮ್ಸ್ ಹೆಡ್‌ನಿಂದ ಮಾಡಿಸಿದೆ. ಮೂರನೆಯ ನಾಲ್ಕನೆಯ ಪದರಕ್ಕೇ ತಳಭಾಗ ಕೆಸರಾಗತೊಡಗಿತು. ಈಕ್ವಲೈಜರ್‌ನಲ್ಲಿ ತಗ್ಗು ಧ್ವನಿಯನ್ನು ಕತ್ತರಿಸಿ ಸರಿಪಡಿಸಬಹುದು, ಆದರೆ ಪ್ರತಿ ಪದರಕ್ಕೂ ಕತ್ತರಿಸುತ್ತಾ ಕುಳಿತರೆ ಆ ಪೆಡಲ್ ಕೊಂಡದ್ದಕ್ಕೆ ಏನು ಅರ್ಥ? ಅದರ ಸೊಬಗಿರುವುದೇ ಆ ತುಂಬುತನದಲ್ಲಿ. ಒಂಟಿ ಸ್ವರಕ್ಕೆ ಬಂದರೆ ಮಾತ್ರ ರಾಮ್ಸ್ ಹೆಡ್ ಆಪ್-ಆಂಪ್‌ಗಿಂತ ಎಷ್ಟೋ ಮೇಲು. ಒಂದು ಸ್ವರವನ್ನು ಎಳೆದು, ತಂತಿಯನ್ನು ಬಾಗಿಸಿ ಬಿಟ್ಟರೆ ಅದು ಕುಗ್ಗದೆ, ಕರ್ಕಶವಾಗದೆ ಹಾಡುತ್ತಲೇ ಇರುತ್ತದೆ. ಮಾಸ್ಕಿಸ್ ಅವರ ಸೋಲೋಗಳು ಅಷ್ಟು ಉದ್ದಕ್ಕೆ ಹರಿಯುವುದು ಏಕೆಂದು ಕೈಗೇ ತಿಳಿಯುತ್ತದೆ. ಪಂಪ್ಕಿನ್ಸ್ ಹಾಡುಗಳ ಸೋಲೋ ಮಾತ್ರ ನುಡಿಸುವವರು ಯಾರಾದರೂ ಇದ್ದರೆ ಅವರಿಗೆ ನಾನು ಇದನ್ನೇ ಹೇಳುತ್ತೇನೆ.

ಬಿಗ್ ಮಫ್‌ನ ಇನ್ನೊಂದು ರೂಪವಾದ ಗ್ರೀನ್ ರಷ್ಯನ್ ಮಫ್ ಅನ್ನೂ ಸ್ನೇಹಿತರಿಂದ ತಂದು ನೋಡಿದೆ. ಗಿಟಾರ್‌ಗೆ ಮಂಕು, ಬೇಸ್ ಗಿಟಾರ್‌ಗೆ ಅದ್ಭುತ. ಈ ಹೋಲಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ರ್‍ಯಾಟ್. 1970ರ ದಶಕದ ಕೊನೆಗೆ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲಮಜೂ ಪಟ್ಟಣದಲ್ಲಿ ಹುಟ್ಟಿದ ಪೆಡಲ್. ಇದರ ಫಿಲ್ಟರ್ ನಾಬ್ ಉಲ್ಟಾ: ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಬ್ಬಾಗುತ್ತದೆ. ಮೊದಲ ಸಲ ನುಡಿಸುವವರು ಇದು ಗೊತ್ತಿಲ್ಲದೆ ಪೆಡಲ್ ಕೆಟ್ಟಿದೆ ಎಂದುಕೊಳ್ಳುವುದುಂಟು. ಮನೆಯಲ್ಲಿ ಮಫ್‌ನ ಪಕ್ಕ ಇಟ್ಟು ಕೇಳಿದರೆ ರ್‍ಯಾಟ್ ಬಡವಾಗಿ ಕೇಳುತ್ತದೆ. ಮಫ್‌ನ ಅಗಲ ಅದಕ್ಕಿಲ್ಲ.

ಅಭ್ಯಾಸ ಕೋಣೆಯಲ್ಲಿ ಲೆಕ್ಕವೇ ತಿರುಗಿತು. ಮಫ್‌ನ ಟೋನ್ ಸರ್ಕ್ಯೂಟ್ ಸುಮಾರು 1 ಕಿಲೊಹರ್ಟ್ಸ್ ಆಸುಪಾಸಿನ ಧ್ವನಿಯನ್ನು ತಗ್ಗಿಸುತ್ತದೆ. ಒಬ್ಬರೇ ನುಡಿಸುವಾಗ ಆ ತಗ್ಗು ಕಿವಿಗೆ ಹಿತ. ಬ್ಯಾಂಡಿನಲ್ಲಿ ಮಫ್‌ನ ಕೆಳಭಾಗವನ್ನು ಬೇಸ್, ಮೇಲ್ಭಾಗವನ್ನು ಸಿಂಬಲ್‌ಗಳು ಆಕ್ರಮಿಸುತ್ತವೆ. ನಡುವೆ ಉಳಿಯುವ ಜಾಗದಲ್ಲಿ ಮಫ್‌ಗೆ ಹೇಳಲು ಏನೂ ಇರುವುದಿಲ್ಲ. ರ್‍ಯಾಟ್ ಇರುವುದೇ ಆ ನಡುಜಾಗದಲ್ಲಿ. ವಾಲ್ಯೂಮ್ ಏರಿಸದೆಯೂ ಕಾರ್ಡ್‌ಗಳು ಡ್ರಮ್ ದಾಟಿ ಬಂದವು. ಪಂಪ್ಕಿನ್ಸ್ ಡ್ರಮ್ಮರ್ ಜಿಮ್ಮಿ ಚೇಂಬರ್ಲಿನ್ ಹಾಗೆ ಸ್ನೇರ್ ಮೇಲೆ ಬಿಡುವಿಲ್ಲದೆ ಉರುಳುವ ಡ್ರಮ್ಮರ್ ಜೊತೆಗಿದ್ದರೆ ಈ ಗುಣ ಬಹಳ ದೊಡ್ಡದು. ಆಪ್-ಆಂಪ್ ಮಾತ್ರ ಇರುವವರು ಟೋನ್ ಬೈಪಾಸ್ ಒತ್ತಿಕೊಂಡೇ ನುಡಿಸಲಿ. ರ್‍ಯಾಟ್‌ನಷ್ಟು ಅಲ್ಲದಿದ್ದರೂ ಕೇಳಿಸುತ್ತದೆ. ರಾಮ್ಸ್ ಹೆಡ್ ಮಾತ್ರ ಸಂಪೂರ್ಣ ಮುಳುಗಿತು.

ಯಾವ ಪೆಡಲ್‌ನಿಂದಲೂ ಬಾರದ ಎರಡು ಸದ್ದುಗಳಿವೆ, ಅವುಗಳಿಗಾಗಿ ದುಡ್ಡು ಸುರಿಯಬೇಡಿ. ‘ಚೆರಬ್ ರಾಕ್’ ಸೋಲೋದಲ್ಲಿ ಸದ್ದು ತಿರುಚಿಕೊಂಡು ಹಾರುವುದು ಟೇಪ್ ಫ್ಲ್ಯಾಂಜಿಂಗ್‌ನಿಂದ, ಅಂದರೆ ಒಂದೇ ಧ್ವನಿಮುದ್ರಣದ ಎರಡು ಪ್ರತಿಗಳನ್ನು ಒಟ್ಟಿಗೆ ಓಡಿಸಿ ಒಂದರ ವೇಗವನ್ನು ಕೊಂಚ ಏರುಪೇರು ಮಾಡುವ ಹಳೆಯ ಪದ್ಧತಿಯಿಂದ. ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಜೇಮ್ಸ್ ಇಹಾ ಮತ್ತು ಕೊರ್ಗನ್ ಸೇರಿ ರಚಿಸಿದ ‘ಮೇಯೊನೇಸ್’ನಲ್ಲಿ ಸಾಲಿನ ಕೊನೆಕೊನೆಗೆ ಕೇಳುವ ಶಿಳ್ಳೆ, ಕೊರ್ಗನ್ ಕೊಂಡಿದ್ದ ಒಂದು ಅಗ್ಗದ ಗಿಟಾರಿನದು. ಕೈ ನಿಂತೊಡನೆ ಅದು ತಾನಾಗಿ ಕೀರಲು ಶುರು ಮಾಡುತ್ತಿತ್ತು. ಬೇರೆ ಯಾರಾದರೂ ಆ ಗಿಟಾರನ್ನು ಮೂಲೆಗಿಡುತ್ತಿದ್ದರು. ಇವರು ಆ ಕೀರಲನ್ನು ಹಾಡಿನ ಅಂಗವಾಗಿಸಿದರು. ಆ ಆಲ್ಬಮ್ ಮೇಲೆ ನನ್ನ ಪ್ರೀತಿ ಹೆಚ್ಚಲು ಇದೂ ಒಂದು ಕಾರಣ. ಮನೆಯ ಮಟ್ಟದ ಧ್ವನಿಯಲ್ಲಿ ಆ ಕೀರಲಿನ ಹತ್ತಿರಕ್ಕೆ ಬಂದದ್ದು ಆಪ್-ಆಂಪ್ ಮಾತ್ರ, ಅದೂ ಗಿಟಾರಿನ ಮುಖವನ್ನು ಸ್ಪೀಕರ್‌ಗೆ ತೀರ ಹತ್ತಿರ ತಿರುಗಿಸಿ ನಿಂತಾಗ.

ಈಗ ನನ್ನ ಬೋರ್ಡ್ ಮೇಲೆ ಆಪ್-ಆಂಪ್ ಮತ್ತು ರ್‍ಯಾಟ್ ಎರಡೂ ಇವೆ, ರಾಮ್ಸ್ ಹೆಡ್ ಸೋಲೋ ನುಡಿಸುವ ಗೆಳೆಯನ ಬಳಿಗೆ ಹೋಗಿದೆ. ಬ್ಯಾಂಡಿನ 1995ರ ‘ಮೆಲನ್ ಕೊಲಿ’ ಆಲ್ಬಮ್‌ನ ನಾದ ಬೇಕೆನ್ನುವವರು ಈ ಮೂರರಲ್ಲಿ ಯಾವುದನ್ನೂ ಕೊಳ್ಳುವ ಅವಸರ ಮಾಡಬೇಡಿ: ಮೊದಲು ಆರೂ ತಂತಿಗಳನ್ನು ಅರ್ಧ ಸ್ವರ ಕೆಳಗಿಳಿಸಿ, ದಪ್ಪ ತಂತಿ ಹಾಕಿ, ಆಂಪ್‌ನದೇ ಡಿಸ್ಟಾರ್ಷನ್‌ನಲ್ಲಿ ನುಡಿಸಿ ನೋಡಿ.