ಯಾರ್ಕ್‌ಶೈರ್ ಬಿಲ್ಡಿಂಗ್ ಸೊಸೈಟಿ: ಬಡ್ಡಿಗಿಂತ ಮತ ದೊಡ್ಡದು

ಬಿಲ್ಡಿಂಗ್ ಸೊಸೈಟಿ ಎಂದರೆ ಜನರ ಉಳಿತಾಯ ಪಡೆದು ಮನೆ ಸಾಲ ಕೊಡುವ, ಸದಸ್ಯರೇ ಒಡೆಯರಾಗಿರುವ ಸಂಘ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ನೆಲೆಸಿದ ಮೇಲೆ, ಮುಂದೊಂದು ದಿನ ಮನೆ ಕೊಳ್ಳುವ ಆಸೆಯಿಂದ ಯಾರ್ಕ್‌ಶೈರ್ ಸೊಸೈಟಿಯಲ್ಲಿ ಉಳಿತಾಯ ಖಾತೆ ತೆರೆದು ಹಲವು ವರ್ಷಗಳಾದವು. ಬಡ್ಡಿಯ ದರಗಳು ಎಲ್ಲರಿಗೂ ಗೊತ್ತಿರುವುದರಿಂದ ಅವುಗಳ ಗೊಡವೆ ಇಲ್ಲಿ ಬೇಡ. ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ವಾರ್ಷಿಕ ಮಹಾಸಭೆಗೆ ಮುನ್ನ ಬರುವ ಮತಪತ್ರ. ಬಾಡಿಗೆ ಕಳೆದು ಉಳಿದದ್ದನ್ನು ಕೂಡಿಡುವ ನನಗೂ ಲಕ್ಷ ಪೌಂಡ್ ಇಟ್ಟವರಿಗೂ ಇಲ್ಲಿ ಒಂದೇ ಮತ. ನಿರ್ದೇಶಕರ ಪರಿಚಯವನ್ನೂ ಅವರ ಸಂಭಾವನೆಯ ವರದಿಯನ್ನೂ ಸಾವಧಾನವಾಗಿ ಓದಿ, ಒಂದೊಂದು ಚೌಕದಲ್ಲೂ ಗುರುತು ಹಾಕುತ್ತೇನೆ.

ಸಂಬಳ ಬಂದ ವಾರ ಶಾಖೆಗೆ ಹೋಗುವುದೂ ನನಗೆ ಪ್ರಿಯವೇ. ಕೌಂಟರಿನ ಯಂತ್ರ ಪಾಸ್‌ಬುಕ್ಕನ್ನು ಒಳಗೆಳೆದುಕೊಂಡು, ಕರಕರ ಸದ್ದಿನೊಡನೆ ಹೊಸ ಸಾಲನ್ನು ಮುದ್ರಿಸಿ ಹೊರಗೆ ತಳ್ಳುತ್ತದೆ. ಬಾಗಿಲು ದಾಟುವ ಮೊದಲೇ ಆ ಮೊತ್ತವನ್ನು ಎರಡು ಸಲ ಓದಿರುತ್ತೇನೆ.

1775ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಾನಗೃಹವೊಂದರಲ್ಲಿ ರಿಚರ್ಡ್ ಕೆಟ್ಲಿ ಆರಂಭಿಸಿದ ಇಂಥ ಮೊದಲ ಸಂಘ ನಮ್ಮ ಚೀಟಿ ವ್ಯವಹಾರದಂತಿತ್ತು: ಸದಸ್ಯರು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದರು, ಎಲ್ಲರಿಗೂ ಮನೆಯಾದರೆ ಅಂಥ ಸಂಘ ಮುಗಿಯುತ್ತಿತ್ತು. ಉಣ್ಣೆ ಗಿರಣಿಗಳ ಊರಾದ ಹಡ್ಡರ್ಸ್‌ಫೀಲ್ಡಿನಲ್ಲಿ 1864ರಲ್ಲಿ ಹುಟ್ಟಿದ ನಮ್ಮ ಸೊಸೈಟಿ ಮಾತ್ರ ಶಾಶ್ವತ ಬಗೆಯದು; ಮನೆಯ ಸಾಲ ಬೇಡದವರೂ ಅಲ್ಲಿ ಹಣ ಇಡಬಹುದಿತ್ತು. 1975ರಲ್ಲಿ ಬ್ರಾಡ್‌ಫರ್ಡಿನ ಸಂಘದೊಡನೆ, 1982ರಲ್ಲಿ ವೆಸ್ಟ್ ಯಾರ್ಕ್‌ಶೈರ್ ಸಂಘದೊಡನೆ ಕೂಡಿ ಇಂದಿನ ಹೆಸರು ಪಡೆಯಿತು.

ಇದರ ನಂತರದ ಕಥೆ ನನಗೆ ಬೇಸರ ತರಿಸುತ್ತದೆ. ಕುಸಿದುಬಿದ್ದ ಐಸ್‌ಲೆಂಡ್ ಒಡೆತನದ ಬ್ಯಾಂಕುಗಳಲ್ಲಿ ಹಣ ಸಿಕ್ಕಿಬಿದ್ದ ಬಾರ್ನ್‌ಸ್ಲಿ ಸಂಘ 2008ರಲ್ಲಿ ಇದರೊಳಗೆ ಸೇರಿತು. 2010ರಲ್ಲಿ ಚೆಲ್ಸಿ, 2011ರಲ್ಲಿ ನಾರ್ವಿಚ್ ಅಂಡ್ ಪೀಟರ್‌ಬರೊ ಸಂಘಗಳೂ ಸೇರಿದವು. ಊರಿನ ಜನ ಊರಿನ ಹೆಸರಿನಲ್ಲೇ ಕಟ್ಟಿದ ಸಂಸ್ಥೆಗಳು ಹೀಗೆ ಕರಗಿದ್ದು ನಷ್ಟವೇ ಸರಿ.

ಆದರೆ ನೆರೆಯೂರುಗಳ ಸಂಘಗಳಿಗೆ ಆದದ್ದನ್ನು ನೆನೆದಾಗ ಆ ಬೇಸರ ಕಡಿಮೆಯಾಗುತ್ತದೆ. ಬಿಲ್ಡಿಂಗ್ ಸೊಸೈಟಿಗಳು ಕಂಪನಿಗಳಾಗಲು 1986ರ ಕಾಯ್ದೆ ಕೊಟ್ಟ ಅವಕಾಶ ಬಳಸಿಕೊಂಡು ಹ್ಯಾಲಿಫ್ಯಾಕ್ಸ್ 1997ರಲ್ಲಿ, ಬ್ರಾಡ್‌ಫರ್ಡ್ ಅಂಡ್ ಬಿಂಗ್ಲಿ 2000ದಲ್ಲಿ ಷೇರುಪೇಟೆಯ ಕಂಪನಿಗಳಾದವು. ಸದಸ್ಯರಿಗೆ ಉಚಿತ ಷೇರು ಸಿಕ್ಕಿತು, ತಲೆಗೊಂದು ಮತವಿದ್ದ ವ್ಯವಸ್ಥೆ ಹೋಯಿತು. 2008ರ ಬಿಕ್ಕಟ್ಟಿನಲ್ಲಿ ಬ್ರಾಡ್‌ಫರ್ಡ್ ಅಂಡ್ ಬಿಂಗ್ಲಿ ಕೊಟ್ಟಿದ್ದ ಮನೆ ಸಾಲಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಹಾಗೆ ಮಾರ್ಪಟ್ಟ ಯಾವ ಸಂಘವೂ ಇಂದು ಸ್ವತಂತ್ರವಾಗಿ ಉಳಿದಿಲ್ಲ.

ದಿನನಿತ್ಯದ ಹಣದ ವ್ಯವಹಾರಕ್ಕೆ ಬೇರೆ ಬ್ಯಾಂಕಿನ ಖಾತೆ ಇಟ್ಟುಕೊಳ್ಳಿ. ಮನೆಗಾಗಿ ನಿಧಾನವಾಗಿ ಹಣ ಕೂಡಿಡುವವರಿಗೆ ಈ ಸೊಸೈಟಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಖಾತೆ ತೆರೆಯುವಾಗ ಮತದ ಹಕ್ಕಿಗೆ ಕನಿಷ್ಠ ಎಷ್ಟು ಠೇವಣಿ ಬೇಕೆಂದು ತಪ್ಪದೆ ಕೇಳಿ.